ಸಕ್ಕರೆಯ ಜಾಡು ಹಿಡಿದ ಕ್ಲಾಡ್ ಬರ್ನಾರ್ಡ್

ಮಕ್ಕಳೇ, ರಿಪ್ಪನ್‌ಪೇಟೆ, ಹೊಸನಗರ, ಸಾಗರದ ಕಡೆಯ ಆಲೆಮನೆಯನ್ನು ನೀವು ನೋಡಿರುತ್ತೀರಿ. ಗಾಣಕ್ಕೆ ಕಬ್ಬು ಕೊಡುತ್ತಾರೆ, ಕಬ್ಬಿನ ಹಾಲು ಸುರಿಯುತ್ತದೆ. ಅದನ್ನು ಕೊಪ್ಪರಿಗೆಯಲ್ಲಿ ಕುದಿಸಿ ಕುದಿಸಿ ಜೋನಿ ಬೆಲ್ಲ ಮಾಡುತ್ತಾರೆ. ಈ ಸಿಹಿಯನ್ನು ಕಬ್ಬಿನೊಳಗೆ ತುಂಬಿದವರು ಯಾರು? ಯಾರೂ ಅಲ್ಲ, ಕಬ್ಬೇ ಅದನ್ನು ತಯಾರಿಸಿಕೊಂಡಿತು. ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್, ಬೇರು ಹೀರಿದ ನೀರು ಮತ್ತು ಸೂರ್ಯನ ಬೆಳಕು, ಈ ಮೂರನ್ನು ಬಳಸಿಕೊಂಡು ಹಸಿರೆಲೆ ಸಕ್ಕರೆ ತಯಾರಿಸುತ್ತದೆ. ಇದೇ ದ್ಯುತಿಸಂಶ್ಲೇಷಣೆ ಎಂದು ನಿಮ್ಮ ಪಾಠದಲ್ಲಿ ಓದಿದ್ದೀರಿ.

ಈಗ ಇನ್ನೊಂದು ಪ್ರಶ್ನೆ. ನಿಮ್ಮ ರಕ್ತದಲ್ಲೂ ಸಕ್ಕರೆ ಇದೆ. ಅದು ಎಲ್ಲಿಂದ ಬಂತು? ಊಟದಿಂದ ಬಂತು ಎಂದು ನೀವು ಹೇಳಬಹುದು. ಅನ್ನ ತಿನ್ನುವ ನಮಗೆ ಆ ಉತ್ತರ ಸಾಕು. ಆದರೆ ಹುಲಿಯ ಕತೆ ಏನು? ಅದು ಅನ್ನವನ್ನಾಗಲಿ ಬೆಲ್ಲವನ್ನಾಗಲಿ ಎಂದೂ ತಿಂದಿಲ್ಲ. ಅದರ ಆಹಾರ ಬರೀ ಮಾಂಸ. ಆದರೂ ಹುಲಿಯ ರಕ್ತದಲ್ಲಿ ಸಕ್ಕರೆ ಇರುತ್ತದೆ! ಎರಡು ದಿನ ಬೇಟೆ ಸಿಗದೆ ಉಪವಾಸ ಬಿದ್ದರೂ ಇರುತ್ತದೆ.

ಈ ಒಗಟನ್ನು ಬಿಡಿಸಿದವನು ಫ್ರಾನ್ಸ್ ದೇಶದ ಕ್ಲಾಡ್ ಬರ್ನಾರ್ಡ್. ಗಿಡದ ಸಕ್ಕರೆಗೂ ಪ್ರಾಣಿಯ ಸಕ್ಕರೆಗೂ ಇರುವ ವ್ಯತ್ಯಾಸ ಏನು, ಹೋಲಿಕೆ ಏನು ಎಂಬುದನ್ನು ತಿಳಿಯಲು ದಾರಿ ತೋರಿಸಿದವನು ಅವನೇ. ಅವನ ಜೀವನದ ಕತೆ ಇಲ್ಲಿದೆ.

ದ್ರಾಕ್ಷಿ ತೋಟದ ಹುಡುಗ

ಕ್ಲಾಡ್ ಬರ್ನಾರ್ಡ್ ಹುಟ್ಟಿದ್ದು 1813ರ ಜುಲೈ 12ರಂದು. ಫ್ರಾನ್ಸಿನ ಲಿಯಾನ್ ನಗರಕ್ಕೆ ಹತ್ತಿರದ ಸೇಂಟ್ ಜೂಲಿಯನ್ ಎಂಬ ಹಳ್ಳಿ ಅವನ ಊರು. ನಮ್ಮಲ್ಲಿ ಅಡಿಕೆ ತೋಟ ಹೇಗೋ ಅಲ್ಲಿ ದ್ರಾಕ್ಷಿ ತೋಟ ಹಾಗೆ. ಗುಡ್ಡದ ಇಳಿಜಾರಿನ ಉದ್ದಕ್ಕೂ ದ್ರಾಕ್ಷಿ ಬಳ್ಳಿಯ ಸಾಲುಗಳು. ಅಪ್ಪ ದ್ರಾಕ್ಷಿ ಬೆಳೆಗಾರ. ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೆ. ಬಾಲಕ ಕ್ಲಾಡ್ ಊರಿನ ಪಾದ್ರಿಗಳ ಬಳಿ ಮತ್ತು ಹತ್ತಿರದ ಪಟ್ಟಣದ ಶಾಲೆಯಲ್ಲಿ ಓದಿದ. ಅಲ್ಲಿ ವಿಜ್ಞಾನ ಕಲಿಸುತ್ತಿದ್ದುದು ಬಹಳ ಕಡಿಮೆ. ಓದಿನಲ್ಲೂ ಅವನು ಎಲ್ಲರಿಗಿಂತ ಮುಂದಿದ್ದ ಹುಡುಗನೇನಲ್ಲ.

ಮುಂದೆ ಓದಿಸಲು ಮನೆಯಲ್ಲಿ ಹಣವಿರಲಿಲ್ಲ. ಹದಿನೆಂಟು ಹತ್ತೊಂಬತ್ತರ ವಯಸ್ಸಿನಲ್ಲಿ ಅವನು ಲಿಯಾನ್ ನಗರದ ಅಂಚಿನಲ್ಲಿದ್ದ ಒಂದು ಔಷಧ ಅಂಗಡಿಗೆ ಕೆಲಸ ಕಲಿಯಲು ಸೇರಿದ. ಸೀಸೆ ತೊಳೆಯುವುದು, ಮದ್ದು ಅರೆಯುವುದು, ಗಿರಾಕಿಗಳಿಗೆ ತಲುಪಿಸುವುದು ಅವನ ಕೆಲಸ. ಆ ಅಂಗಡಿಯಲ್ಲಿ ಥೇರಿಯಾಕ್ ಎಂಬ ಹಳೆಯ ಕಾಲದ ಮದ್ದಿಗೆ ಬಹಳ ಬೇಡಿಕೆ ಇತ್ತು. ಎಲ್ಲ ರೋಗಕ್ಕೂ ಅದೊಂದೇ ಸಾಕು ಎಂದು ಜನ ನಂಬಿದ್ದರು. ಆದರೆ ಅದರೊಳಗೆ ಏನಿತ್ತು ಗೊತ್ತೆ? ಅಂಗಡಿಯಲ್ಲಿ ಹಾಳಾದ, ಉಳಿದುಹೋದ ಮದ್ದುಗಳನ್ನೆಲ್ಲ ಅದಕ್ಕೇ ಸುರಿಯುತ್ತಿದ್ದರು! ಹೀಗಾಗಿ ಒಂದು ಸಲ ಮಾಡಿದ ಮದ್ದಿನಂತೆ ಇನ್ನೊಂದು ಸಲ ಮಾಡಿದ್ದು ಇರುತ್ತಿರಲಿಲ್ಲ. ಆದರೂ ಎಲ್ಲವೂ ಗುಣಕಾರಿ ಎಂದೇ ಮಾರಾಟವಾಗುತ್ತಿತ್ತು. ಯಾರೂ ಪರೀಕ್ಷೆ ಮಾಡದೆ ಎಲ್ಲರೂ ನಂಬುವ ವಿಷಯ ಹೇಗಿರುತ್ತದೆ ಎಂಬುದನ್ನು ಹುಡುಗ ಕಣ್ಣಾರೆ ಕಂಡ.

ನಾಟಕ ಬಿಟ್ಟು ವೈದ್ಯಕ್ಕೆ

ಬರ್ನಾರ್ಡನ ಮನಸ್ಸು ಇದ್ದದ್ದು ಮದ್ದಿನಲ್ಲಲ್ಲ, ನಾಟಕದಲ್ಲಿ. ಅಂಗಡಿಯಲ್ಲಿ ಇದ್ದಾಗಲೇ ಒಂದು ಹಾಸ್ಯ ನಾಟಕ ಬರೆದ. ಅದು ಸ್ವಲ್ಪ ಹೆಸರನ್ನೂ ತಂದಿತು. ಹುರುಪಿನಿಂದ ಐದು ಅಂಕಗಳ ಒಂದು ದೊಡ್ಡ ನಾಟಕ ಬರೆದು, 1834ರಲ್ಲಿ ಅದನ್ನು ಹಿಡಿದುಕೊಂಡು ಪ್ಯಾರಿಸ್ ನಗರಕ್ಕೆ ಹೋದ. ಅಲ್ಲಿ ಸೇಂಟ್ ಮಾರ್ಕ್ ಗಿರಾರ್ಡಿನ್ ಎಂಬ ಹೆಸರಾಂತ ವಿಮರ್ಶಕನಿಗೆ ನಾಟಕವನ್ನು ಕೊಟ್ಟ. ವಿಮರ್ಶಕ ಓದಿ ನೋಡಿ, ಬರವಣಿಗೆಯಿಂದ ಹೊಟ್ಟೆ ತುಂಬುವುದು ಕಷ್ಟ, ಔಷಧ ಅಂಗಡಿಯ ಅನುಭವ ಹೇಗೂ ಇದೆಯಲ್ಲ, ವೈದ್ಯಶಾಸ್ತ್ರ ಓದುವುದು ಮೇಲು ಎಂದು ಬುದ್ಧಿ ಹೇಳಿದ.

ಬರ್ನಾರ್ಡ್ ಆ ಮಾತು ಕೇಳಿದ. ವೈದ್ಯಕೀಯ ವಿದ್ಯಾರ್ಥಿಯಾಗಿಯೂ ಅವನು ಮೊದಲ ಸಾಲಿನವನಾಗಲಿಲ್ಲ. ಪರೀಕ್ಷೆಗಳಲ್ಲಿ ಅವನ ಹೆಸರು ಪಟ್ಟಿಯ ಕೊನೆಯ ಕಡೆಗೆ ಇರುತ್ತಿತ್ತು. ಆದರೆ ಅವನ ಕೈಚಳಕ ಮಾತ್ರ ಬೇರೆ ಯಾರಿಗೂ ಇರಲಿಲ್ಲ. ಸಣ್ಣ ಸಣ್ಣ ನರಗಳನ್ನು, ರಕ್ತನಾಳಗಳನ್ನು ಬಿಡಿಸಿ ತೋರಿಸುವುದರಲ್ಲಿ ಅವನು ನಿಪುಣ. ಇದನ್ನು ಗಮನಿಸಿದ ಫ್ರಾಂಸ್ವಾ ಮಜೆಂಡಿ ಎಂಬ ಪ್ರಸಿದ್ಧ ವಿಜ್ಞಾನಿ 1841ರಲ್ಲಿ ಅವನನ್ನು ತನ್ನ ಸಹಾಯಕನಾಗಿ ಸೇರಿಸಿಕೊಂಡ.

1843ರಲ್ಲಿ ಬರ್ನಾರ್ಡನಿಗೆ ವೈದ್ಯ ಪದವಿ ಸಿಕ್ಕಿತು. ಮರುವರ್ಷ ಅಧ್ಯಾಪಕ ಹುದ್ದೆಯ ಪರೀಕ್ಷೆಯಲ್ಲಿ ಅವನು ನಪಾಸಾದ. ಕೆಲಸವಿಲ್ಲ, ಹಣವಿಲ್ಲ. ಹಳ್ಳಿಗೆ ಹಿಂದಿರುಗಿ ಸಾಮಾನ್ಯ ವೈದ್ಯನಾಗಿ ಬಾಳುವುದೇ ಸರಿ ಎಂಬ ಯೋಚನೆಯೂ ಬಂತು. 1845ರಲ್ಲಿ ಫ್ಯಾನಿ ಮಾರ್ಟಿನ್ ಎಂಬಾಕೆಯೊಡನೆ ಮದುವೆಯಾಯಿತು. ಹೆಂಡತಿಯ ಕಡೆಯಿಂದ ಬಂದ ಹಣದ ಬಲದಿಂದ ಅವನ ಸಂಶೋಧನೆ ನಿಲ್ಲದೆ ಮುಂದುವರಿಯಿತು.

ಮೊಲಗಳು ಕಲಿಸಿದ ಪಾಠ

1846ರ ಒಂದು ದಿನ ಸಂತೆಯಿಂದ ಕೆಲವು ಮೊಲಗಳು ಪ್ರಯೋಗಾಲಯಕ್ಕೆ ಬಂದವು. ಅವು ಮೇಜಿನ ಮೇಲೆ ಮೂತ್ರ ಮಾಡಿದವು. ಬೇರೆಯವರಾಗಿದ್ದರೆ ಬೈದುಕೊಂಡು ಒರೆಸಿಬಿಡುತ್ತಿದ್ದರು. ಬರ್ನಾರ್ಡ್ ಅದನ್ನು ದಿಟ್ಟಿಸಿ ನೋಡಿದ. ಹುಲ್ಲು ತಿನ್ನುವ ಪ್ರಾಣಿಗಳ ಮೂತ್ರ ಸಾಮಾನ್ಯವಾಗಿ ಕದಡಿದಂತೆ ಇರುತ್ತದೆ, ಕ್ಷಾರ ಗುಣ ಹೊಂದಿರುತ್ತದೆ. ಮಾಂಸ ತಿನ್ನುವ ಪ್ರಾಣಿಗಳ ಮೂತ್ರ ತಿಳಿಯಾಗಿರುತ್ತದೆ, ಆಮ್ಲ ಗುಣ ಹೊಂದಿರುತ್ತದೆ. ಈ ಮೊಲಗಳ ಮೂತ್ರ ತಿಳಿಯಾಗಿತ್ತು. ಪರೀಕ್ಷಿಸಿದರೆ ಆಮ್ಲ! ಮೊಲ ಮಾಂಸ ತಿಂದಿತೆ?

ಬರ್ನಾರ್ಡ್ ಒಂದು ಊಹೆ ಮಾಡಿದ. ಈ ಮೊಲಗಳಿಗೆ ಬಹಳ ಹೊತ್ತಿನಿಂದ ಯಾರೂ ಮೇವು ಹಾಕಿರಲಿಕ್ಕಿಲ್ಲ. ಹೊರಗಿನ ಆಹಾರ ಇಲ್ಲದ್ದರಿಂದ ಅವುಗಳ ದೇಹ ತನ್ನದೇ ಮಾಂಸವನ್ನು ಕರಗಿಸಿಕೊಂಡು ಬದುಕುತ್ತಿದೆ. ಊಹೆ ಸರಿಯೇ ಎಂದು ನೋಡಬೇಕಲ್ಲ? ಮೊಲಗಳಿಗೆ ಹುಲ್ಲು ಹಾಕಿದ. ಮೂತ್ರ ಮತ್ತೆ ಕದಡಿತು. ಉಪವಾಸ ಕೆಡವಿದ. ತಿಳಿಯಾಯಿತು. ಕುದುರೆಯ ಮೇಲೂ ಇದನ್ನೇ ಮಾಡಿ ನೋಡಿದ. ಕೊನೆಗೆ ಮೊಲಗಳಿಗೆ ಬೇಯಿಸಿದ ಮಾಂಸವನ್ನೇ ತಿನ್ನಿಸಿ ನೋಡಿದ. ಅಲ್ಲಿಗೆ ಊಹೆ ಗಟ್ಟಿಯಾಯಿತು.

ಮಕ್ಕಳೇ, ಇದರಲ್ಲಿ ನಾವು ಗಮನಿಸಬೇಕಾದದ್ದು ಎರಡು. ಒಂದು, ಹೊರಗಿನ ಊಟ ನಿಂತರೂ ದೇಹ ತನಗೆ ಬೇಕಾದದ್ದನ್ನು ಒಳಗಿನಿಂದ ಒದಗಿಸಿಕೊಳ್ಳುತ್ತದೆ. ಎರಡು, ಊಹೆ ಎಷ್ಟೇ ಚೆನ್ನಾಗಿದ್ದರೂ ಪ್ರಯೋಗ ಮಾಡದೆ ಅದನ್ನು ಒಪ್ಪಬಾರದು. ಬರ್ನಾರ್ಡನ ಮುಂದಿನ ದೊಡ್ಡ ಶೋಧಕ್ಕೆ ಈ ಎರಡು ಪಾಠಗಳೇ ಬುನಾದಿ.

ಗಿಡ ಕಟ್ಟುತ್ತದೆ, ಪ್ರಾಣಿ ಕೆಡವುತ್ತದೆ

ಆ ಕಾಲದಲ್ಲಿ ಫ್ರಾನ್ಸಿನ ವಿಜ್ಞಾನಿಗಳ ನಡುವೆ ಒಂದು ಸಿದ್ಧಾಂತ ಬಲವಾಗಿತ್ತು. ಅದನ್ನು ಮಂಡಿಸಿದವರು ಡ್ಯೂಮಾ ಮತ್ತು ಬೂಸಿಂಗಾಲ್ಟ್ ಎಂಬ ಇಬ್ಬರು ದೊಡ್ಡ ರಸಾಯನ ವಿಜ್ಞಾನಿಗಳು. ಅವರ ಪ್ರಕಾರ ಸಕ್ಕರೆ, ಪಿಷ್ಟ, ಕೊಬ್ಬು, ಪ್ರೋಟೀನು ಇವನ್ನೆಲ್ಲ ತಯಾರಿಸುವುದು ಗಿಡಗಳ ಕೆಲಸ. ಪ್ರಾಣಿಗಳು ಅವನ್ನು ತಿಂದು ದೇಹದಲ್ಲಿ ಸುಟ್ಟು ಮುಗಿಸುತ್ತವೆ. ಗಿಡ ಕಟ್ಟುತ್ತದೆ, ಪ್ರಾಣಿ ಕೆಡವುತ್ತದೆ. ಪ್ರಾಣಿಯ ದೇಹದಲ್ಲಿ ಸಕ್ಕರೆ ತಯಾರಾಗುವುದು ಸಾಧ್ಯವೇ ಇಲ್ಲ ಎಂಬುದು ಈ ಸಿದ್ಧಾಂತದ ಸಾರ.

ಕೇಳಲು ಎಷ್ಟು ಅಚ್ಚುಕಟ್ಟಾಗಿದೆ! ಬರ್ನಾರ್ಡನೂ ಮೊದಲು ಇದನ್ನು ನಂಬಿಕೊಂಡೇ ಕೆಲಸ ಶುರುಮಾಡಿದ. ತಿಂದ ಸಕ್ಕರೆ ದೇಹದ ಯಾವ ಜಾಗದಲ್ಲಿ ನಾಶವಾಗುತ್ತದೆ ಎಂಬುದನ್ನು ಕಂಡುಹಿಡಿಯಬೇಕು, ಆಗ ಸಿಹಿಮೂತ್ರ ರೋಗಕ್ಕೆ ಕಾರಣವೂ ಸಿಗಬಹುದು ಎಂಬುದು ಅವನ ಯೋಚನೆ. ಆ ರೋಗ ಬಂದವರ ಮೂತ್ರದಲ್ಲಿ ಸಕ್ಕರೆ ಹೊರಗೆ ಹೋಗುತ್ತದೆ. ನಮ್ಮ ದೇಶದ ಸುಶ್ರುತ, ಚರಕ ಸಂಹಿತೆಗಳಲ್ಲಿ ಮಧುಮೇಹ ಎಂದು ಕರೆದಿರುವುದು ಇದನ್ನೇ. ಆ ಕಾಲದಲ್ಲಿ ಮಕ್ಕಳಿಗೆ ಈ ರೋಗ ಬಂದರೆ ಬದುಕುವ ದಾರಿಯೇ ಇರಲಿಲ್ಲ.

ಮಾಂಸ ತಿಂದ ನಾಯಿ

ಸಕ್ಕರೆ ಇದೆಯೋ ಇಲ್ಲವೋ ಎಂದು ತಿಳಿಯಲು ಬರ್ನಾರ್ಡ್ ಎರಡು ಪರೀಕ್ಷೆಗಳನ್ನು ಬಳಸಿದ. ಒಂದು, ತಾಮ್ರದ ಲವಣವಿರುವ ನೀಲಿ ದ್ರಾವಣ. ಗ್ಲೂಕೋಸ್‌ನಂಥ ಸಕ್ಕರೆ ಇದ್ದರೆ, ಬಿಸಿ ಮಾಡಿದಾಗ ನೀಲಿ ಹೋಗಿ ಇಟ್ಟಿಗೆ ಕೆಂಪು ಬಣ್ಣದ ಗಷ್ಟು ಬರುತ್ತದೆ. ಇನ್ನೊಂದು, ಯೀಸ್ಟ್. ಸಕ್ಕರೆ ಇದ್ದರೆ ಯೀಸ್ಟ್ ಅದನ್ನು ಹುಳಿಯಿಸಿ ಗಾಳಿಗುಳ್ಳೆ ಏಳಿಸುತ್ತದೆ. ದ್ರಾಕ್ಷಿ ರಸ ಹುಳಿಯುವುದನ್ನು ಚಿಕ್ಕಂದಿನಿಂದ ನೋಡಿದವನಿಗೆ ಇದು ಹೊಸದಲ್ಲ.

1848ರಲ್ಲಿ ಅವನು ಒಂದು ನಾಯಿಗೆ ಸಿಹಿ ಮತ್ತು ಪಿಷ್ಟ ಇರುವ ಆಹಾರ ಕೊಟ್ಟ. ಯಕೃತ್ತಿನಿಂದ (ಪಿತ್ತಜನಕಾಂಗದಿಂದ) ಹೊರಗೆ ಬರುವ ರಕ್ತವನ್ನು ಪರೀಕ್ಷಿಸಿದ. ನಿರೀಕ್ಷೆಯಂತೆ ಸಕ್ಕರೆ ಇತ್ತು. ಇಷ್ಟಕ್ಕೇ ನಿಲ್ಲಿಸಿದ್ದರೆ ಹಳೆಯ ಸಿದ್ಧಾಂತ ಹಾಗೆಯೇ ಉಳಿಯುತ್ತಿತ್ತು. ಆದರೆ ಹೋಲಿಸಿ ನೋಡದೆ ತೀರ್ಮಾನಕ್ಕೆ ಬರಬಾರದು ಎಂಬುದು ಅವನ ನಿಯಮ. ಹಾಗಾಗಿ ಇನ್ನೊಂದು ನಾಯಿಗೆ ಬರೀ ಮಾಂಸ ಕೊಟ್ಟ. ಅದರ ಕರುಳಿನಲ್ಲಿ ಸಕ್ಕರೆ ಇರಲಿಲ್ಲ. ಆದರೆ ಯಕೃತ್ತಿನಿಂದ ಹೊರಟ ರಕ್ತದಲ್ಲಿ ಸಕ್ಕರೆ ಧಾರಾಳವಾಗಿತ್ತು!

ತಿನ್ನದ ಸಕ್ಕರೆ ಎಲ್ಲಿಂದ ಬಂತು? ಅವನು ಒಂದೊಂದೇ ಅಂಗವನ್ನು ಪರೀಕ್ಷಿಸಿದ. ಬೇರೆ ಅಂಗಗಳಲ್ಲಿ ಕಾಣದ ಸಕ್ಕರೆ ಯಕೃತ್ತಿನಲ್ಲಿ ತುಂಬಾ ಇತ್ತು. ಬಾರೆಸ್ವಿಲ್ ಎಂಬ ರಸಾಯನ ವಿಜ್ಞಾನಿಯೊಡನೆ ಸೇರಿ ಹಕ್ಕಿ, ಮೀನು ಮುಂತಾದ ಹಲವು ಪ್ರಾಣಿಗಳ ಯಕೃತ್ತನ್ನೂ ನೋಡಿದ. ಅಲ್ಲೂ ಅದೇ ಫಲ. ಯಕೃತ್ತಿನಲ್ಲಿ ಸಿಕ್ಕಿದ್ದು ಗ್ಲೂಕೋಸ್. ಇದಕ್ಕೆ ದ್ರಾಕ್ಷಿ ಸಕ್ಕರೆ ಎಂಬ ಹೆಸರೂ ಇದೆ. ಊರಿನ ತೋಟದ ದ್ರಾಕ್ಷಿ ಹಣ್ಣಿನಲ್ಲಿದ್ದ ಸಕ್ಕರೆಯೇ ಮಾಂಸ ತಿಂದ ನಾಯಿಯ ಯಕೃತ್ತಿನಲ್ಲೂ ಇತ್ತು!

ಬರ್ನಾರ್ಡ್ ಈಗ ಕವಲುದಾರಿಯಲ್ಲಿ ನಿಂತಿದ್ದ. ಒಂದು ಕಡೆ ದೇಶದ ದೊಡ್ಡ ವಿಜ್ಞಾನಿಗಳ ಸಿದ್ಧಾಂತ, ಇನ್ನೊಂದು ಕಡೆ ತನ್ನ ಕೈಯಲ್ಲಿರುವ ಪರೀಕ್ಷಾ ನಳಿಕೆ. ಅವನು ನಳಿಕೆಯನ್ನು ನಂಬಿದ. ಪ್ರಾಣಿಯ ದೇಹವೂ ಸಕ್ಕರೆಯನ್ನು ತಯಾರಿಸಬಲ್ಲದು, ಆ ಕೆಲಸ ಮಾಡುವುದು ಯಕೃತ್ತು ಎಂದು ಪ್ರಕಟಿಸಿದ. ಈ ಕೆಲಸಕ್ಕೆ 1853ರಲ್ಲಿ ಅವನಿಗೆ ವಿಜ್ಞಾನದ ಡಾಕ್ಟರೇಟ್ ಪದವಿ ಸಿಕ್ಕಿತು.

ತೊಳೆದಿಟ್ಟ ಯಕೃತ್ತು

ಎಲ್ಲರೂ ಇದನ್ನು ಒಪ್ಪಲಿಲ್ಲ. ಸಕ್ಕರೆ ಆಹಾರದಿಂದಲೇ ಬರುತ್ತದೆ, ಯಕೃತ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ ಎಂದು ಲೂಯಿ ಫಿಗಿಯೆ ಎಂಬ ವಿಜ್ಞಾನಿ ವಾದಿಸಿದ. ಇದಕ್ಕೆ ಉತ್ತರ ಸಿಕ್ಕಿದ ಬಗೆ ಬಲು ಸ್ವಾರಸ್ಯವಾಗಿದೆ.

ಬರ್ನಾರ್ಡ್ ಒಂದೇ ಯಕೃತ್ತಿನ ಸಕ್ಕರೆಯನ್ನು ಎರಡು ಸಲ ಅಳೆಯುತ್ತಿದ್ದ. ಎರಡೂ ಅಳತೆ ಹೊಂದಿದರೆ ಲೆಕ್ಕ ಸರಿ ಎಂದರ್ಥ. ಒಂದು ದಿನ ಸಮಯ ಸಾಲದೆ ಮೊದಲ ಅಳತೆಯನ್ನು ಅಂದು ಮಾಡಿ, ಎರಡನೆಯದನ್ನು ಮರುದಿನಕ್ಕೆ ಬಿಟ್ಟ. ಮರುದಿನ ನೋಡಿದರೆ ಸಕ್ಕರೆ ಹಿಂದಿನ ದಿನಕ್ಕಿಂತ ಬಹಳ ಹೆಚ್ಚು! ಅಳತೆ ತಪ್ಪಿತು ಎಂದು ಅವನು ಆ ಲೆಕ್ಕವನ್ನು ಬದಿಗೆ ಸರಿಸಲಿಲ್ಲ. ಯಾಕೆ ಹೀಗಾಯಿತು ಎಂದು ಬೆನ್ನು ಹತ್ತಿದ.

1855ರಲ್ಲಿ ಅವನು ಮಾಡಿದ ಪ್ರಯೋಗ ಹೀಗಿತ್ತು. ಆಗಷ್ಟೇ ಸತ್ತ ಪ್ರಾಣಿಯ ಯಕೃತ್ತಿಗೆ, ಅದರ ರಕ್ತನಾಳದ ಮೂಲಕವೇ, ತಣ್ಣೀರನ್ನು ರಭಸವಾಗಿ ಹಾಯಿಸಿದ. ಸುಮಾರು 40 ನಿಮಿಷ ತೊಳೆದ ಮೇಲೆ ಹೊರಬಂದ ನೀರಿನಲ್ಲಿ ಸಕ್ಕರೆ ಇರಲಿಲ್ಲ. ಯಕೃತ್ತಿನಲ್ಲೂ ಇರಲಿಲ್ಲ. ಹಾಗೆ ತೊಳೆದ ಯಕೃತ್ತನ್ನು ಒಂದು ದಿನ ಹಾಗೆಯೇ ಇಟ್ಟ. ಮರುದಿನ ಪರೀಕ್ಷಿಸಿದರೆ ಮತ್ತೆ ಸಕ್ಕರೆ ತುಂಬಿಕೊಂಡಿತ್ತು. ಆಹಾರವಿಲ್ಲ, ರಕ್ತವಿಲ್ಲ, ಪ್ರಾಣವೂ ಇಲ್ಲ. ಹಾಗಾದರೆ ಸಕ್ಕರೆ ಎಲ್ಲಿಂದ ಬಂತು? ಯಕೃತ್ತಿನೊಳಗೇ ನೀರಿನಲ್ಲಿ ತೊಳೆದುಹೋಗದ ಯಾವುದೋ ವಸ್ತು ಇರಬೇಕು, ಅದೇ ನಿಧಾನವಾಗಿ ಸಕ್ಕರೆಯಾಗಿ ಬದಲಾಗುತ್ತಿರಬೇಕು!

ಎರಡು ವರ್ಷ ಹುಡುಕಿ 1857ರಲ್ಲಿ ಅವನು ಆ ವಸ್ತುವನ್ನು ಬೇರ್ಪಡಿಸಿದ. ಬಿಳಿಯ ಪುಡಿ, ರುಚಿಯಿಲ್ಲ. ಅದೇ ಗ್ಲೈಕೋಜನ್. ಹೆಸರಿನ ಅರ್ಥ ಸಕ್ಕರೆಯನ್ನು ಹುಟ್ಟಿಸುವುದು ಎಂದು. ಅದೇ ವರ್ಷ ಜರ್ಮನಿಯ ವಿಕ್ಟರ್ ಹೆನ್ಸೆನ್ ಕೂಡ ಸ್ವತಂತ್ರವಾಗಿ ಇದನ್ನು ಬೇರ್ಪಡಿಸಿದ.

ಗಿಡದ ಕಣಜ, ಪ್ರಾಣಿಯ ಕಣಜ

ನಾವು ಭತ್ತವನ್ನು ಕಣಜದಲ್ಲಿ ತುಂಬಿಟ್ಟು ಬೇಕಾದಾಗ ತೆಗೆದುಕೊಳ್ಳುತ್ತೇವೆ. ಗಿಡಗಳೂ ಹಾಗೆಯೇ. ಎಲೆಯಲ್ಲಿ ತಯಾರಾದ ಸಕ್ಕರೆಯ ಸಾವಿರಾರು ಕಣಗಳನ್ನು ಸರದಂತೆ ಪೋಣಿಸಿ ಪಿಷ್ಟ ಮಾಡಿ ಭತ್ತದ ಕಾಳಿನಲ್ಲಿ, ಗೆಣಸಿನಲ್ಲಿ, ಬಾಳೆಕಾಯಿಯಲ್ಲಿ ಕೂಡಿಡುತ್ತವೆ. ಪ್ರಾಣಿಗಳೂ ಅದೇ ಗ್ಲೂಕೋಸ್ ಕಣಗಳನ್ನು ಪೋಣಿಸಿ ಗ್ಲೈಕೋಜನ್ ಮಾಡಿ ಯಕೃತ್ತಿನಲ್ಲಿ ಮತ್ತು ಸ್ನಾಯುಗಳಲ್ಲಿ ಕೂಡಿಡುತ್ತವೆ. ಅದಕ್ಕೇ ಗ್ಲೈಕೋಜನ್‌ಗೆ ಪ್ರಾಣಿಪಿಷ್ಟ ಎಂಬ ಹೆಸರಿದೆ.

ಹಾಗಾದರೆ ವ್ಯತ್ಯಾಸ ಏನು? ಮಣಿ ಒಂದೇ, ಪೋಣಿಸುವ ಬಗೆ ಬೇರೆ. ಪಿಷ್ಟದ ಒಂದು ಭಾಗದಲ್ಲಿ ಕವಲೇ ಇಲ್ಲ. ಇನ್ನೊಂದು ಭಾಗದಲ್ಲಿ ಸುಮಾರು 24ರಿಂದ 30 ಮಣಿಗೊಂದು ಕವಲು. ಗ್ಲೈಕೋಜನ್‌ನಲ್ಲಿ 8ರಿಂದ 12 ಮಣಿಗೇ ಒಂದು ಕವಲು. ಕವಲು ಹೆಚ್ಚಿದಷ್ಟೂ ತುದಿಗಳು ಹೆಚ್ಚು. ತುದಿಗಳು ಹೆಚ್ಚಿದಷ್ಟೂ ಬೇಗ ಬೇಗ ಗ್ಲೂಕೋಸನ್ನು ಬಿಡಿಸಿಕೊಳ್ಳಬಹುದು. ಗಿಡ ನಿಂತಲ್ಲೇ ನಿಂತಿರುತ್ತದೆ, ಅದಕ್ಕೆ ಅವಸರವಿಲ್ಲ. ಪ್ರಾಣಿ ಓಡಬೇಕು, ಹಾರಬೇಕು, ಬೇಟೆ ಹಿಡಿಯಬೇಕು, ಬೇಟೆಯಿಂದ ತಪ್ಪಿಸಿಕೊಳ್ಳಬೇಕು. ಅದಕ್ಕೆ ತಟ್ಟನೆ ಶಕ್ತಿ ಬೇಕು.

ಇನ್ನೂ ಕೆಲವು ವ್ಯತ್ಯಾಸಗಳನ್ನು ನೋಡೋಣ.

1. ಸಾಗಣೆ: ಗಿಡಗಳಲ್ಲಿ ಎಲೆಯಿಂದ ಬೇರಿಗೆ, ಕಾಯಿಗೆ ಹರಿಯುವುದು ಹೆಚ್ಚಾಗಿ ಸುಕ್ರೋಸ್. ಅಂದರೆ ಕಬ್ಬಿನ ಸಕ್ಕರೆ. ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಸೇರಿ ಇದು ಆಗಿದೆ. ನಮ್ಮ ರಕ್ತದಲ್ಲಿ ಹರಿಯುವುದು ಗ್ಲೂಕೋಸ್. ಕೀಟಗಳ ರಕ್ತದಲ್ಲಿ ಎರಡು ಗ್ಲೂಕೋಸ್ ಸೇರಿದ ಟ್ರೆಹಲೋಸ್ ಎಂಬ ಸಕ್ಕರೆ ಹರಿಯುತ್ತದೆ.

2. ಮೈಕಟ್ಟು: ಗಿಡದ ಕೋಶಗಳ ಗೋಡೆ ಸೆಲ್ಯುಲೋಸ್‌ನಿಂದ ಆಗಿದೆ. ಇದೂ ಗ್ಲೂಕೋಸ್ ಮಣಿಗಳ ಸರವೇ. ಆದರೆ ಮಣಿಗಳ ಕೊಂಡಿ ಬೇರೆ ರೀತಿಯದು, ನಮ್ಮ ಹೊಟ್ಟೆ ಅದನ್ನು ಬಿಡಿಸಲಾರದು. ಹಸುವಿನ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಬಿಡಿಸುತ್ತವೆ. ಹಾಗಾಗಿ ಹಸುವಿಗೆ ಒಣಹುಲ್ಲೂ ಆಹಾರ. ಗದ್ದೆಯ ಏಡಿಯ ಚಿಪ್ಪು, ಚಗಳಿ ಇರುವೆಯ ಹೊರಕವಚ ಕೈಟಿನ್ ಎಂಬ ವಸ್ತುವಿನಿಂದ ಆಗಿವೆ. ಗ್ಲೂಕೋಸ್‌ಗೆ ನೈಟ್ರೋಜನ್ ಸೇರಿದ ಮಣಿಗಳಿಂದ ಅದು ಆಗಿದೆ.

3. ಹಾಲು ಮತ್ತು ಜೇನು: ಹಾಲಿನಲ್ಲಿರುವ ಸಕ್ಕರೆ ಲ್ಯಾಕ್ಟೋಸ್. ಇದನ್ನು ಸಸ್ತನಿಗಳು ತಮ್ಮ ಮರಿಗಳಿಗಾಗಿ ಗ್ಲೂಕೋಸ್‌ನಿಂದ ತಯಾರಿಸುತ್ತವೆ. ಜೇನಿನ ಕತೆ ಬೇರೆ. ಹೂವಿನ ಮಕರಂದದ ಸುಕ್ರೋಸನ್ನು ಜೇನುನೊಣ ತನ್ನ ಕಿಣ್ವದಿಂದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಗಿಡ ತಯಾರಿಸಿದ ಸಿಹಿ, ಪ್ರಾಣಿ ಮಾರ್ಪಡಿಸಿದ ಸಿಹಿ ಅದು.

4. ಅಣಬೆಯ ಸೋಜಿಗ: ಮಳೆಗಾಲದಲ್ಲಿ ನಾವು ಕಿತ್ತು ತರುವ ಅಣಬೆ ಗಿಡದಂತೆ ನೆಲದಲ್ಲಿ ಏಳುತ್ತದೆ. ಆದರೆ ಅದು ಸಕ್ಕರೆಯನ್ನು ಕೂಡಿಡುವುದು ಪ್ರಾಣಿಗಳಂತೆ ಗ್ಲೈಕೋಜನ್ ರೂಪದಲ್ಲಿ. ಅದರ ಕೋಶದ ಗೋಡೆಯಲ್ಲಿ ಇರುವುದು ಏಡಿಯ ಚಿಪ್ಪಿನಲ್ಲಿರುವಂಥ ಕೈಟಿನ್. ಅಣಬೆ ಗಿಡವಲ್ಲ ಎನ್ನಲು ಸಕ್ಕರೆಯೂ ಒಂದು ಸಾಕ್ಷಿ!

ಒಂದು ಮಾತನ್ನು ಮರೆಯಬಾರದು. ಗಾಳಿ, ನೀರು, ಬೆಳಕಿನಿಂದ ಸಕ್ಕರೆ ಮಾಡುವ ಶಕ್ತಿ ನಮಗಾಗಲಿ ನಾಯಿಗಾಗಲಿ ಇಲ್ಲ. ಆ ಮಟ್ಟಿಗೆ ಡ್ಯೂಮಾ, ಬೂಸಿಂಗಾಲ್ಟ್ ಹೇಳಿದ್ದು ನಿಜ. ಪ್ರಾಣಿ ಮಾಡುವುದು ತಿಂದ ಆಹಾರದಿಂದ, ಕೂಡಿಟ್ಟ ಗ್ಲೈಕೋಜನ್‌ನಿಂದ, ಬೇಕಾದಾಗ ಪ್ರೋಟೀನಿನಿಂದಲೂ ಸಕ್ಕರೆ. ಹುಲಿಯ ರಕ್ತದ ಸಕ್ಕರೆಯ ಗುಟ್ಟು ಇದು. ಹುಲಿ ತಿಂದ ಜಿಂಕೆ ಹುಲ್ಲು ತಿಂದಿತ್ತು. ಆ ಹುಲ್ಲು ಬಿಸಿಲು ಕುಡಿದಿತ್ತು.

ರಾತ್ರಿಯ ಕಾವಲುಗಾರ

ವಯಸ್ಕರೊಬ್ಬರ ಇಡೀ ದೇಹದ ರಕ್ತದಲ್ಲಿ ಒಂದು ಹೊತ್ತಿನಲ್ಲಿ ಇರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಅಷ್ಟೆ. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ರಾತ್ರಿ ಉಂಡು ಮಲಗಿದವರು ಬೆಳಗ್ಗೆ ಏಳುವವರೆಗೆ ಏನೂ ತಿನ್ನುವುದಿಲ್ಲ. ಆದರೂ ಮಿದುಳಿಗೆ ಸಕ್ಕರೆ ತಪ್ಪುವುದಿಲ್ಲ. ಯಾಕೆಂದರೆ ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ ದಾಸ್ತಾನು ಇರುತ್ತದೆ. ಅದನ್ನು ಸ್ವಲ್ಪ ಸ್ವಲ್ಪವೇ ಗ್ಲೂಕೋಸ್ ಮಾಡಿ ಯಕೃತ್ತು ರಕ್ತಕ್ಕೆ ಬಿಡುತ್ತಿರುತ್ತದೆ. ಹೊರಗೆ ಚಳಿಯಿರಲಿ ಸೆಕೆಯಿರಲಿ, ಹೊಟ್ಟೆ ತುಂಬಿರಲಿ ಖಾಲಿಯಿರಲಿ, ದೇಹದ ಒಳಗಿನ ಸ್ಥಿತಿ ಹೆಚ್ಚು ಏರುಪೇರಾಗದಂತೆ ದೇಹ ನೋಡಿಕೊಳ್ಳುತ್ತದೆ. ಈ ದೊಡ್ಡ ವಿಚಾರವನ್ನು ಜಗತ್ತಿಗೆ ಕೊಟ್ಟವನೂ ಬರ್ನಾರ್ಡನೇ.

ಪ್ರಾಣಿಗಳ ನೋವು

ಬರ್ನಾರ್ಡನ ಕತೆಯಲ್ಲಿ ಮನಸ್ಸಿಗೆ ಕಷ್ಟವಾಗುವ ಒಂದು ಭಾಗವೂ ಇದೆ. ಅವನ ಪ್ರಯೋಗಗಳಲ್ಲಿ ಅನೇಕ ನಾಯಿಗಳು, ಮೊಲಗಳು ಪ್ರಾಣ ಕಳೆದುಕೊಂಡವು. ನೋವು ತಿಳಿಯದಂತೆ ಮಾಡುವ ಅರಿವಳಿಕೆ ಮದ್ದುಗಳು ಶಸ್ತ್ರಚಿಕಿತ್ಸೆಯಲ್ಲಿ ಬಳಕೆಗೆ ಬಂದದ್ದೇ 1846ರ ನಂತರ. ಅದಕ್ಕೂ ಮುಂಚೆ, ಅನಂತರವೂ ಪ್ರಾಣಿಗಳು ಬಹಳ ನೋವು ಉಂಡವು. ಈ ಜ್ಞಾನದಿಂದ ಮುಂದೆ ರೋಗಿಗಳಿಗೆ ಒಳ್ಳೆಯದಾಗುತ್ತದೆ ಎಂದು ಬರ್ನಾರ್ಡ್ ನಂಬಿದ್ದ. ಅವನ ಹೆಂಡತಿ ಫ್ಯಾನಿ ಮತ್ತು ಇಬ್ಬರು ಹೆಣ್ಣುಮಕ್ಕಳಿಗೆ ಇದನ್ನು ಒಪ್ಪಲು ಆಗಲಿಲ್ಲ. ಬಾಯಿಲ್ಲದ ಪ್ರಾಣಿಗಳ ಪರವಾಗಿ ಅವರು ನಿಂತರು. ಕೊನೆಗೆ ಸಂಸಾರ ಒಡೆಯಿತು. ಗಂಡ ಹೆಂಡತಿ ಬೇರೆಯಾದರು.

ಇವರಲ್ಲಿ ಯಾರು ಸರಿ? ಇನ್ಸುಲಿನ್‌ನಿಂದ ಬದುಕಿರುವ ಮಗುವಿನ ತಾಯಿಯನ್ನು ಕೇಳಿದರೆ ಒಂದು ಉತ್ತರ ಬರಬಹುದು. ಆ ನಾಯಿಗಳಿಗೆ ಮಾತು ಬರುತ್ತಿದ್ದರೆ ಇನ್ನೊಂದು ಉತ್ತರ ಬರುತ್ತಿತ್ತು. ಈ ಪ್ರಶ್ನೆಯಿಂದಾಗಿಯೇ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವುದಕ್ಕೆ ಕಟ್ಟುಪಾಡುಗಳು ಬಂದವು. ಬ್ರಿಟನ್ನಿನಲ್ಲಿ 1876ರಲ್ಲಿ ಕಾನೂನಾಯಿತು. ನಮ್ಮ ದೇಶದಲ್ಲಿ 1960ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂತು. ಅನಗತ್ಯವಾಗಿ ನೋವು ಕೊಡಬಾರದು, ಬೇರೆ ದಾರಿ ಇದ್ದರೆ ಆ ದಾರಿ ಹಿಡಿಯಬೇಕು ಎಂಬುದು ಇಂದಿನ ವಿಜ್ಞಾನದ ನಿಯಮ.

ಕೊನೆಯ ದಿನಗಳು

1854ರಲ್ಲಿ ಬರ್ನಾರ್ಡ್ ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ. 1855ರಲ್ಲಿ ಗುರು ಮಜೆಂಡಿಯ ಹುದ್ದೆ ಅವನಿಗೆ ಬಂತು. ಆದರೆ ತೇವ ತುಂಬಿದ, ಗಾಳಿ ಬೆಳಕಿಲ್ಲದ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ದುಡಿದು ಅವನ ಆರೋಗ್ಯ ಕೆಟ್ಟಿತು. 1860ರ ದಶಕದಲ್ಲಿ ಮತ್ತೆ ಮತ್ತೆ ಕಾಯಿಲೆ ಬಿದ್ದು ಹುಟ್ಟೂರಿಗೆ ಹೋಗಿ ಇರಬೇಕಾಯಿತು. ಅಲ್ಲಿ ದ್ರಾಕ್ಷಿ ತೋಟದ ನಡುವೆ ವಿಶ್ರಾಂತಿ ಪಡೆಯುತ್ತಿದ್ದ ಕಾಲದಲ್ಲೇ ಪ್ರಾಯೋಗಿಕ ವೈದ್ಯಶಾಸ್ತ್ರದ ಬಗ್ಗೆ ಅವನ ಪ್ರಸಿದ್ಧ ಗ್ರಂಥ ಸಿದ್ಧವಾಯಿತು. ಅದು 1865ರಲ್ಲಿ ಪ್ರಕಟವಾಯಿತು.

1868ರಲ್ಲಿ ಅವನು ಪ್ಯಾರಿಸ್ಸಿನ ನಿಸರ್ಗ ವಿಜ್ಞಾನ ವಸ್ತುಸಂಗ್ರಹಾಲಯಕ್ಕೆ ಪ್ರಾಧ್ಯಾಪಕನಾಗಿ ಹೋದ. ಅಲ್ಲಿ ಅವನು ಆರಿಸಿಕೊಂಡ ವಿಷಯ, ಪ್ರಾಣಿ ಮತ್ತು ಸಸ್ಯಗಳಿಗೆ ಸಮಾನವಾದ ಜೀವಕ್ರಿಯೆಗಳು. ಗಿಡ ಬೇರೆ, ಪ್ರಾಣಿ ಬೇರೆ ಎಂಬ ಗೋಡೆಯನ್ನು ಯಕೃತ್ತಿನ ಸಕ್ಕರೆ ಕೆಡವಿತ್ತು. ಎರಡೂ ಸಕ್ಕರೆಯನ್ನು ಕೂಡಿಡುತ್ತವೆ, ಎರಡೂ ಅದನ್ನು ಒಡೆದು ಶಕ್ತಿ ಪಡೆಯುತ್ತವೆ. ಆ ಉಪನ್ಯಾಸಗಳು ಅವನು ತೀರಿಕೊಂಡ ವರ್ಷವೇ ಪುಸ್ತಕವಾಗಿ ಬರತೊಡಗಿದವು.

1878ರ ಫೆಬ್ರವರಿ 10ರಂದು ಬರ್ನಾರ್ಡ್ ಪ್ಯಾರಿಸ್ಸಿನಲ್ಲಿ ಕಣ್ಣು ಮುಚ್ಚಿದ. ಫ್ರಾನ್ಸ್ ಸರ್ಕಾರ ಅವನ ಅಂತ್ಯಕ್ರಿಯೆಯನ್ನು ಸರ್ಕಾರಿ ಗೌರವದೊಂದಿಗೆ ನಡೆಸಿತು. ಆ ದೇಶದಲ್ಲಿ ವಿಜ್ಞಾನಿಯೊಬ್ಬನಿಗೆ ಇಂಥ ಗೌರವ ಸಂದದ್ದು ಅದೇ ಮೊದಲು.

ಅವನು ಹಿಡಿದ ಜಾಡಿನಲ್ಲಿ ಮುಂದೆ ಬಹಳ ಜನ ನಡೆದರು. 1889ರಲ್ಲಿ ಜರ್ಮನಿಯ ಮಿಂಕೋವ್‌ಸ್ಕಿ ಮತ್ತು ಫಾನ್ ಮೆರಿಂಗ್, ಮೇದೋಜೀರಕ ಗ್ರಂಥಿಯನ್ನು ತೆಗೆದರೆ ನಾಯಿಗೆ ಮಧುಮೇಹ ಬರುತ್ತದೆ ಎಂದು ಕಂಡುಕೊಂಡರು. 1921ರಲ್ಲಿ ಕೆನಡಾದ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯಿಂದ ಇನ್ಸುಲಿನ್ ಬೇರ್ಪಡಿಸಿದರು. 1922ರಲ್ಲಿ 14 ವರ್ಷದ ಬಾಲಕನಿಗೆ ಅದನ್ನು ಕೊಟ್ಟಾಗ ಅವನು ಚೇತರಿಸಿಕೊಂಡ. ಗ್ಲೈಕೋಜನ್ ದೇಹದಲ್ಲಿ ಹೇಗೆ ಒಡೆಯುತ್ತದೆ ಎಂದು ವಿವರಿಸಿದ ಗರ್ಟಿ ಕೋರಿ ಮತ್ತು ಕಾರ್ಲ್ ಕೋರಿ ದಂಪತಿಗೆ 1947ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಬರ್ನಾರ್ಡನ ಕಾಲದಲ್ಲಿ ಮಧುಮೇಹ ಬಂದ ಮಗುವಿಗೆ ಇಲ್ಲದ ಬದುಕಿನ ದಾರಿ ಇಂದು ಇದೆ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಗಾಯಕ್ಕೆ ಹಚ್ಚುವ ಟಿಂಕ್ಚರ್ ಅಯೋಡಿನ್, ಬಾಳೆಕಾಯಿ, ಚೆನ್ನಾಗಿ ಕಳಿತ ಬಾಳೆಹಣ್ಣು, ತಣ್ಣಗಾದ ಅನ್ನದ ಗಂಜಿ, ಎರಡು ಲೋಟ.

ಮೊದಲ ಪ್ರಯೋಗ: ಬಾಳೆಕಾಯಿ ಮತ್ತು ಬಾಳೆಹಣ್ಣಿನ ಒಂದೊಂದು ಹೋಳಿನ ಮೇಲೆ ಎರಡು ಹನಿ ಅಯೋಡಿನ್ ಹಾಕಿ. ಕಾಯಿ ಕಡು ನೀಲಿಯಾಗುತ್ತದೆ. ಹಣ್ಣಿನಲ್ಲಿ ನೀಲಿ ತೀರ ಕಡಿಮೆ. ಯಾಕೆ? ಹಣ್ಣಾಗುವಾಗ ಪಿಷ್ಟ ಒಡೆದು ಸಕ್ಕರೆಯಾಗಿದೆ. ಗ್ಲೈಕೋಜನ್‌ಗೆ ಅಯೋಡಿನ್ ಹಾಕಿದರೆ ನೀಲಿಯಲ್ಲ, ಕೆಂಪು ಮಿಶ್ರಿತ ಕಂದು ಬಣ್ಣ ಬರುತ್ತದೆ. ಗಿಡದ ಕಣಜಕ್ಕೂ ಪ್ರಾಣಿಯ ಕಣಜಕ್ಕೂ ಬಣ್ಣದಲ್ಲೇ ವ್ಯತ್ಯಾಸ!

ಎರಡನೆಯ ಪ್ರಯೋಗ: ಗಂಜಿಗೆ ನೀರು ಬೆರೆಸಿ ತೆಳ್ಳಗೆ ಮಾಡಿ ಎರಡು ಲೋಟಗಳಿಗೆ ಸಮನಾಗಿ ಹಾಕಿ. ಒಂದಕ್ಕೆ ನಿಮ್ಮ ಎಂಜಲನ್ನು ಸ್ವಲ್ಪ ಸೇರಿಸಿ ಕಲಕಿ. 20 ನಿಮಿಷ ಬಿಟ್ಟು ಎರಡಕ್ಕೂ ಒಂದೊಂದು ಹನಿ ಅಯೋಡಿನ್ ಹಾಕಿ. ಎಂಜಲು ಸೇರಿಸಿದ ಲೋಟದಲ್ಲಿ ನೀಲಿ ಬಣ್ಣ ಕಡಿಮೆ ಇರುತ್ತದೆ. ಎಂಜಲಿನ ಕಿಣ್ವ ಪಿಷ್ಟವನ್ನು ಒಡೆದಿದೆ. ಎಂಜಲು ಹಾಕದ ಲೋಟವನ್ನು ಯಾಕೆ ಇಟ್ಟೆವು? ಬರ್ನಾರ್ಡ್ ಎರಡನೆಯ ನಾಯಿಯನ್ನು ಯಾಕೆ ನೋಡಿದ ಎಂದು ನೆನಪು ಮಾಡಿಕೊಳ್ಳಿ.

ಎಚ್ಚರಿಕೆ: ಅಯೋಡಿನ್ ಹಾಕಿದ ಯಾವುದನ್ನೂ ತಿನ್ನಬಾರದು. ಬಟ್ಟೆಗೆ ತಾಗಿದರೆ ಕಲೆಯಾಗುತ್ತದೆ.

ಶಿಕ್ಷಕರಿಗೆ: ಪ್ರಯೋಗಕ್ಕೆ ಮುಂಚೆ ಬಣ್ಣ ಹೇಗೆ ಬರಬಹುದು ಎಂದು ಪ್ರತಿಯೊಂದು ಮಗುವಿನ ಊಹೆಯನ್ನೂ ಪುಸ್ತಕದಲ್ಲಿ ಬರೆಸಿರಿ. ಬಂದ ಫಲ ಊಹೆಗೆ ಹೊಂದದಿದ್ದರೆ ಬರೆದದ್ದನ್ನು ಅಳಿಸಲು ಬಿಡಬೇಡಿ. ಯಾಕೆ ಹೊಂದಲಿಲ್ಲ ಎಂದು ಪಕ್ಕದಲ್ಲಿ ಬರೆಯಲು ಹೇಳಿ.